ಎಡಗಡೆ ಕಿಟಕಿ, ಬಲಗಡೆ ಕಿಟಕಿ

"ಕಥೆಗೆ ವಸ್ತು ಎಲ್ಲಿ ಸಿಗುತ್ತೆ ಸಾರ್?" ಬರೆಯೋ ಆಸೆ ಇರುವ ಹುಡುಗರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ನಾನು ಅಜ್ಜಿಯ ಟಿಕೆಟ್ಟಿನ ವಿಷಯ ಹೇಳುತ್ತೇನೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಫ್ರೀ ಆಯಿತಲ್ಲ, ಆಗಿನ ಮಾತು. ತಿಪಟೂರಿಂದ ಅರಸೀಕೆರೆಗೆ ಹೊರಟಿದ್ದೆ. ಮುಂದಿನ ಸೀಟಿನ ಅಜ್ಜಿ ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಆಧಾರ್ ಕಾರ್ಡ್ ತೆಗೆದು, ಸೊನ್ನೆ ರೂಪಾಯಿ ಟಿಕೆಟ್ ಇಸ್ಕೊಂಡರು. ಎಡಗಡೆ ಕಿಟಕಿ. ಕಣ್ಣು ಹೊರಗೇ.

ನನ್ನ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ವಾಪಸ್ ಬಸ್ ಹತ್ತಿದರೆ ಅದೇ ಅಜ್ಜಿ! ಈ ಸಲ ಬಲಗಡೆ ಕಿಟಕಿ. ಆ ಕಡೆ ಬಿಸಿಲು ಹೊಡೀತಿತ್ತು, ಎಡಗಡೆ ನೆರಳಲ್ಲಿ ಸೀಟು ಖಾಲಿ ಇತ್ತು. ತಿಪಟೂರು ಬರುವ ಹೊತ್ತಿಗೆ ಹೊಳೆಯಿತು: ಎರಡು ಸಲವೂ ಅವರು ನೋಡಿದ್ದು ರಸ್ತೆಯ ಒಂದೇ ಬದಿ.

ಅವತ್ತು ರಾತ್ರಿ ಕಂಡದ್ದನ್ನು ಕಂಡ ಹಾಗೇ ಬರೆದೆ. ಅಜ್ಜಿ ಹತ್ತಿದರು, ಹೋದರು, ಬಂದರು. ಒಂದು ಪುಟಕ್ಕೆ ಮುಗಿಯಿತು, ಉಪ್ಪಿಲ್ಲದ ಸಾರು. ಆಮೇಲೆ ಇನ್ನೊಂದು ಹಾಳೆಯಲ್ಲಿ 'ಆ ಬದಿಯಲ್ಲಿ ಏನಿದೆ?' ಅಂತ ಬರೆದು ಉತ್ತರ ಹುಡುಕಿದೆ. ಕರೆಯದೇ ಬಿಟ್ಟ ಮಗನ ಹೊಸ ಮನೆ? ಥೇಟ್ ಸೀರಿಯಲ್. ಓದದೇ ಉಳಿದ ಶಾಲೆ? ಭಾಷಣ ಆಗುತ್ತೆ. ಮೂರನೆಯದು ಮಾರಿ ಹೋದ ತೆಂಗಿನ ತೋಟ. ಸಸಿ ನೆಟ್ಟು ನೀರು ಹೊತ್ತವಳು ಈಗ ಓಡುವ ಬಸ್ಸಿಂದ ಮುಂದಿನ ಸಾಲಿನ 11 ಮರ ಎಣಿಸುತ್ತಾಳೆ. ಒಂದಿನ 10 ಆಗುತ್ತೆ. ಅಲ್ಲಿಂದ ಪೆನ್ನು ನಿಲ್ಲಲಿಲ್ಲ.

ಹೀಗೆ ಕಲ್ಪಿಸೋದನ್ನು ಕಲಿತದ್ದು ಏಟು ತಿಂದು. ಮೊದಲ ಕಥೆಯಲ್ಲಿ ಪಕ್ಕದ ಮನೆಯ ಜಗಳವನ್ನು ಹೆಸರು ಮಾತ್ರ ಬದಲಿಸಿ ಇಳಿಸಿದ್ದೆ. ಬೀದಿಗೆಲ್ಲ ಗೊತ್ತಾಯಿತು. ನಾಲ್ಕು ತಿಂಗಳು ಅವರ ಮನೆಯಿಂದ ಮಾತೂ ಇಲ್ಲ, ಹಬ್ಬದ ಹೋಳಿಗೆಯೂ ಇಲ್ಲ. ತಪ್ಪು ನಂದೇ ಬಿಡಿ.

ಅಜ್ಜಿ ಆಮೇಲೊಮ್ಮೆ ಸಿಕ್ಕರು. ಎಡಗಡೆ ಕಿಟಕಿಯಲ್ಲಿ ನಾನು ಕೂತಿದ್ದೆ. ಎದ್ದು ಜಾಗ ಬಿಟ್ಟೆ. "ಏನು ನೋಡ್ತೀರಜ್ಜಿ?" ಅಂತ ಬಾಯಿ ತುದಿಗೆ ಬಂದಿತ್ತು. ಕಥೆ ಇನ್ನೂ ಮುಗಿದಿರಲಿಲ್ಲ, ಸುಮ್ನೆ ಕೂತೆ.