ಬಾಡಿಗೆ ಮನೆಯಲ್ಲೇ ಚಟ್ನಿಪುಡಿ, ಲೈಸೆನ್ಸೂ ಅದೇ ವಿಳಾಸಕ್ಕೆ

ಮನೆ ವಿಳಾಸಕ್ಕೆ ಪಾಲಿಕೆಯ ಟ್ರೇಡ್ ಲೈಸೆನ್ಸ್ (ವ್ಯಾಪಾರ ಪರವಾನಗಿ) ಸಿಗಲ್ಲ, ಬಾಡಿಗೆ ಮನೆಗಂತೂ ಕೇಳಲೇಬೇಡ ಅಂತ ನಮ್ಮ ಸಂಘದಲ್ಲಿ ಎಲ್ಲರದ್ದೂ ಒಂದೇ ಮಾತಾಗಿತ್ತು. "ಸುಮ್ನೆ ಒಂದು ಮಳಿಗೆ ಹಿಡಿಯಮ್ಮ, ಇಲ್ಲಾಂದ್ರೆ ಯಾರಿಗೂ ಹೇಳದೆ ಮಾಡ್ಕೊಂಡು ಹೋಗು" ಅಂದವರೂ ಇದ್ದಾರೆ. ಈಗ ಲೈಸೆನ್ಸ್ ನಮ್ಮನೆ ಗೋಡೆ ಮೇಲಿದೆ. ರಿನ್ಯೂವಲ್ ಕೂಡ ಆಗಿದೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಟ್ನಿಪುಡಿ, ಸಾಂಬಾರ್ ಪುಡಿ, ಖಾರದಪುಡಿ. ತಿಂಗಳಿಗೆ ಹೆಚ್ಚುಕಮ್ಮಿ 80 ಕೆಜಿ, ಹಬ್ಬದ ಸಮಯದಲ್ಲಿ ಇನ್ನೂ ಸ್ವಲ್ಪ ಮೇಲೆ.

ಸುಲಭದ ಕಾಗದಗಳ ಬಗ್ಗೆ ಜಾಸ್ತಿ ಹೇಳಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಗೆ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ, ವಹಿವಾಟು 12 ಲಕ್ಷದೊಳಗಿರಬೇಕಿತ್ತು. ಒಂದೇ ಸಲಕ್ಕೆ 5 ವರ್ಷದ್ದು ಕಟ್ಟಿಬಿಟ್ಟೆ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಅಂತಲೇ ಅರ್ಥ. ಆದರೆ ಎಫ್‌ಎಸ್‌ಎಸ್‌ಎಐ ಇದ್ದರೆ ಎಲ್ಲ ಆಯ್ತು ಅಂದುಕೊಂಡು ಕೂತವರು ನಮ್ಮಲ್ಲೇ ನಾಲ್ಕೈದು ಜನ ಇದ್ದಾರೆ. ಅದು ತಿನ್ನುವ ಪದಾರ್ಥದ ಕಾಗದ. ಆ ಜಾಗದಲ್ಲಿ ವ್ಯಾಪಾರ ಮಾಡಬಹುದಾ ಅನ್ನೋದನ್ನ ಪಾಲಿಕೆಯೇ ಹೇಳಬೇಕು, 1976ರ ಕರ್ನಾಟಕ ಮಹಾನಗರ ಪಾಲಿಕೆ ಕಾಯ್ದೆಯ 353ನೇ ಸೆಕ್ಷನ್ ಪ್ರಕಾರ.

ಮೊದಲ ಅರ್ಜಿ ಒಬ್ಬ ಏಜೆಂಟ್ ಮೂಲಕ ಹೋಯಿತು. 8,000 ಕೇಳಿದ, 4,000 ಮುಂಗಡ ತಗೊಂಡ. ಅರ್ಜಿಯಲ್ಲಿ "ಮಸಾಲೆ ತಯಾರಿಕಾ ಘಟಕ" ಅಂತ ಬರೆದುಬಿಟ್ಟಿದ್ದ. ವಸತಿ ವಲಯದಲ್ಲಿ ಘಟಕ, ಅದರ ಜೊತೆ 2 ಎಚ್‌ಪಿ ಮೋಟರ್ ಅಂದರೆ ಯಾರು ಕೊಡ್ತಾರೆ? ತಿರಸ್ಕೃತ ಅಂತ ಮೆಸೇಜ್ ಬಂತು. ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ. ಆ ದುಡ್ಡು ಹೋಯಿತು.

ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. "ನೋಡೀಮ್ಮಾ, ಸದ್ದು ಹೇಗೋ ಸಹಿಸ್ಕೋತೀವಿ, ಆದ್ರೆ ಮಗು ಇಡೀ ಮಧ್ಯಾಹ್ನ ಸೀನ್ತಾನೇ ಇರುತ್ತೆ" ಅಂದರು. ಬ್ಯಾಡಗಿ ಮೆಣಸಿನಕಾಯಿ ಪಲ್ವರೈಸರ್‌ಗೆ (ಪುಡಿ ಮಾಡುವ ಯಂತ್ರಕ್ಕೆ) ಹಾಕಿದ ಮೇಲೆ ಘಾಟು ಕಾಂಪೌಂಡ್ ಒಳಗೇ ಇರುತ್ತಾ?

ಘಾಟಿಗಿಂತ ಮೊದಲು ಸದ್ದನ್ನೇ ನೋಡೋಣ ಅಂತ ಹೊರಟೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಮೊಬೈಲ್ ಆ್ಯಪ್ ಇಟ್ಟು ನೋಡಿದರೆ ಯಂತ್ರದ ಪಕ್ಕ 85ರ ಹತ್ತಿರ. ಆ್ಯಪ್ ಲೆಕ್ಕ ಪಕ್ಕಾ ಅಲ್ಲ, ಆದರೂ ಅಂದಾಜು ಸಿಗುತ್ತೆ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಒಳಗೆ ಮೊಟ್ಟೆ ಟ್ರೇ ಅಂಟಿಸಿದೆ. ಏನೂ ಪ್ರಯೋಜನ ಆಗಲಿಲ್ಲ, ಜಿರಲೆಗೆ ಮನೆ ಆಯ್ತು ಅಷ್ಟೆ. ಹಳೇ ಲಾರಿ ಟೈರಿನ ತುಂಡು ಕತ್ತರಿಸಿ ನಾಲ್ಕೂ ಕಾಲಿಗೆ ಹಾಕಿದೆ. ನೆಲದ ಅದುರು ನಿಜವಾಗಿಯೂ ಇಳಿಯಿತು, ಸದ್ದು 75ಕ್ಕೆ ಬಂತು. ಆದರೆ ಪೆಟ್ಟಿಗೆ ಮುಚ್ಚಿದರೆ ಮೋಟರ್ ಬಿಸಿಯಾಗುತ್ತಿತ್ತು, ತೆಗೆದರೆ ಸದ್ದು. ಪೆಟ್ಟಿಗೆಗೇ 3,000 ಚಿಲ್ಲರೆ ಖರ್ಚು. ಟೈರ್ ಉಪಾಯವನ್ನು ಮಾತ್ರ ಬಿಟ್ಟಿಲ್ಲ, ಈಗ ವಾಷಿಂಗ್ ಮೆಷೀನ್ ಅದರ ಮೇಲೆ ಕೂತಿದೆ.

ಕೊನೆಗೆ ಪಲ್ವರೈಸರನ್ನೇ ಮಾರಿಬಿಟ್ಟೆ. ಹುರಿಯೋದು, ಬೆರೆಸೋದು, ಪ್ಯಾಕಿಂಗ್ ಮನೆಯಲ್ಲಿ. ಪುಡಿ ಮಾಡಿಸೋದು ಗಿರಣಿಯಲ್ಲಿ. ಮೆಣಸಿನಕಾಯಿ ಮಾತ್ರ ಹುರಿಯೋದೂ ಗಿರಣಿಯಲ್ಲೇ, ಅವರ ಹಿತ್ತಲಿನಲ್ಲಿ. ಗಿರಣಿಯವರಿಗೂ ಎಫ್‌ಎಸ್‌ಎಸ್‌ಎಐ ಇರಬೇಕು, ನೋಡಿಕೊಂಡು ಹಿಡಿದೆ. ಕೆಜಿಗೆ 20 ರೂಪಾಯಿ ಆಸುಪಾಸು ಕೊಡ್ತೀನಿ. ಲಾಭ ಕಮ್ಮಿ ಆಗುತ್ತೆ ಅಂತ ನಮ್ಮನೆಯವರು ಗೊಣಗಿದರು. ಆದರೆ ಮಳಿಗೆ ಬಾಡಿಗೆ ಏನಿಲ್ಲವೆಂದರೂ 7,000 ಆಗುತ್ತಿತ್ತು. ಲೆಕ್ಕ ಹಾಕಿ ನೋಡಿ, 80 ಕೆಜಿಗೆ 1,600.

ಈಗ ಅರ್ಜಿಯಲ್ಲಿ ಮೋಟರ್ ಇಲ್ಲ, ಘಾಟು ಇಲ್ಲ, ಹೊರಗಿನ ಕೆಲಸಗಾರರೂ ಇಲ್ಲ. ವಸತಿ ವಲಯದಲ್ಲಿ ವಾಸದ ಜೊತೆಗಿನ ಸಣ್ಣ ಪೂರಕ ಬಳಕೆಗೆ ಸಾಮಾನ್ಯವಾಗಿ ಜಾಗ ಇರುತ್ತೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ನಲ್ಲಿ ಅದಕ್ಕೆ ಕಟ್ಟಡದ 20 ಪರ್ಸೆಂಟ್ ಅನ್ನೋ ಲೆಕ್ಕ ಬರುತ್ತೆ. ನಮ್ಮೂರಿನ ಪ್ಲಾನ್ ಬೇರೆ, ಆದರೂ ಆ 20ನ್ನೇ ನನ್ನ ಗೆರೆ ಅಂತ ಇಟ್ಟುಕೊಂಡೆ. ಗ್ರಾಫ್ ಹಾಳೆಯಲ್ಲಿ ಇಡೀ ಮನೆ ನಕ್ಷೆ ಕೈಯಲ್ಲೇ ಬರೆದು, 10 ಅಡಿಗೆ 12 ಅಡಿಯ ರೂಮನ್ನು ಮಾತ್ರ ಕೆಂಪು ಪೆನ್ಸಿಲಿನಲ್ಲಿ ಗೀರಿದೆ. ಸಿಂಕ್, ಎಗ್ಸಾಸ್ಟ್ ಫ್ಯಾನ್, ಡಬ್ಬಿ ಇಡುವ ರ‍್ಯಾಕ್, ಬಾಗಿಲು ಯಾವ ಕಡೆ ತೆರೆಯುತ್ತೆ ಅನ್ನೋದು ಕೂಡ ಅದರಲ್ಲಿದೆ. ಸ್ಥಳ ನೋಡಲು ಬಂದ ಹೆಲ್ತ್ ಇನ್‌ಸ್ಪೆಕ್ಟರ್ ಆ ಹಾಳೆ ಹಿಡಿದು ರೂಮು ನೋಡಿದರು, ಟೇಪ್ ಕೂಡ ಹಿಡಿಯಲಿಲ್ಲ. "ಮೇಡಂ, ಇಂಜಿನಿಯರ್ ಹತ್ರ ಬರೆಸಿದ್ರಾ?" ಅಂದರು.

ಮನೆ ಮಾಲೀಕರನ್ನು ಒಪ್ಪಿಸೋದು ಇದಕ್ಕಿಂತ ಕಷ್ಟ ಆಯ್ತು. ಅವರ ಭಯ ನಮ್ಮ ಪುಡಿಯದ್ದಲ್ಲ, ಕಂದಾಯದ್ದು. ಮನೆ ವಾಣಿಜ್ಯಕ್ಕೆ ಸೇರಿದರೆ ತೆರಿಗೆ ಏರುತ್ತೆ. ವ್ಯತ್ಯಾಸ ಬಂದರೆ ನಾನೇ ಕಟ್ಟುತ್ತೇನೆ, ಆ ಒಂದು ರೂಮು ಬಿಟ್ಟು ಬೇರೆಲ್ಲೂ ವ್ಯಾಪಾರ ಮಾಡುವುದಿಲ್ಲ ಅಂತ ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ. ಜೊತೆಗೆ ಅದೇ ನಕ್ಷೆಯ ಜೆರಾಕ್ಸ್. ಆಮೇಲೇ ಎನ್‌ಒಸಿಗೆ (ಆಕ್ಷೇಪಣೆ ಇಲ್ಲ ಅನ್ನೋ ಪತ್ರಕ್ಕೆ) ಸಹಿ ಬಿತ್ತು.

ಕರೆಂಟ್ ವಿಷಯ ಯಾರೂ ಹೇಳಿಕೊಡಲ್ಲ. ಗೃಹಜ್ಯೋತಿಯ ಉಚಿತ ಯೂನಿಟ್ ಮನೆಬಳಕೆಗೆ ಮಾತ್ರ. ನಾನು ನೋಡಿದ ದರಪಟ್ಟಿಯಲ್ಲಿ ಹೊಲಿಗೆ, ಬ್ಯೂಟಿ ಪಾರ್ಲರ್, ಅಕ್ಕಸಾಲಿ ಕೆಲಸ, ಧೋಬಿ ಎಲ್ಲ ಮನೆಯ ಒಂದು ಭಾಗದಲ್ಲಿ ಮಾಡಿದರೆ ಗೃಹಬಳಕೆ ದರವೇ. ಪುಡಿ ವ್ಯಾಪಾರ ಆ ಪಟ್ಟಿಯಲ್ಲಿಲ್ಲ. ಇದು ಅನ್ಯಾಯ ಅಂತ ನನಗೆ ಈಗಲೂ ಅನ್ನಿಸುತ್ತೆ. ಆ ರೂಮಿಗೆ ವಾಣಿಜ್ಯ ದರದ ಬೇರೆ ಮೀಟರ್ ಹಾಕಿಸಿದೆ, ಠೇವಣಿ, ವೈರಿಂಗ್ ಸೇರಿ 6-7 ಸಾವಿರ. ಮಿಕ್ಸಿ, ಸೀಲಿಂಗ್ ಮೆಷೀನ್, ಫ್ಯಾನ್ ಅಷ್ಟೇ ಅದರಲ್ಲಿ. ಬಿಲ್ ತಿಂಗಳಿಗೆ 400 ದಾಟಲ್ಲ, ಮನೆ ಮೀಟರಿಗೆ ಗೃಹಜ್ಯೋತಿ ಹಾಗೇ ಇದೆ. ಮೀಟರ್ ರೀಡರ್ ಬಂದಾಗ ಎದೆ ಹೊಡ್ಕೊಳ್ಳೋದೂ ನಿಂತಿದೆ.

ಎರಡನೇ ಅರ್ಜಿ ನಾನೇ ಹಾಕಿದೆ. ಸರ್ಕಾರಿ ಸೇವೆ ಗಡುವಿನೊಳಗೆ ಕೊಡಿಸುವ ಸಕಾಲ ವ್ಯವಸ್ಥೆಯ ನಂಬರ್ ಕೇಳಿ ಬರೆಸಿಕೊಂಡೆ, ಫೈಲ್ ಎಲ್ಲಿದೆ ಅಂತ ಆ ನಂಬರ್ ಹಿಡಿದೇ ಕೇಳುತ್ತಿದ್ದೆ. ಶುಲ್ಕ, ಕಸದ ಸೆಸ್ ಎಲ್ಲ ಸೇರಿ 2,000 ಚಿಲ್ಲರೆ ಇದ್ದ ನೆನಪು. ಅರ್ಜಿಯಲ್ಲಿ ಕೆಲಸದ ವಿವರಕ್ಕೆ ಎರಡೇ ಸಾಲು ಬರೆದೆ. ಎಲ್ಲ ಆ ಎರಡು ಸಾಲಿನಲ್ಲಿದೆ, ಸುಳ್ಳು ಒಂದಕ್ಷರ ಇಲ್ಲ. ಪದಗಳು ಯಾವುವು ಅಂತ ಮಾತ್ರ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮೂರಲ್ಲಿ ಪುಡಿ ಮಾರುವವರು ಈಗಲೇ ಜಾಸ್ತಿ.

ಮಳಿಗೆ ಹಿಡಿ ಅಂದವರು ಹೋದ ತಿಂಗಳು ನಕ್ಷೆ ಕೇಳಿಕೊಂಡು ಬಂದಿದ್ದರು. ಅವರದ್ದು ಹಪ್ಪಳ. ಗ್ರಾಫ್ ಹಾಳೆ ಕೊಟ್ಟೆ, ಮನೆ ಅಳತೆ ನೀವೇ ಹಿಡಿಯಿರಿ ಅಂದೆ.

ಇನ್ನು ಉಳಿದಿರೋದು ಹೊರ ರಾಜ್ಯದ ಆರ್ಡರ್. ಸರಕು ಗಡಿ ದಾಟಿ ಮಾರಾಟವಾದರೆ ವಹಿವಾಟು 40 ಲಕ್ಷದೊಳಗಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಪುಣೆಯಿಂದ ಕೇಳುವವರು ಇದ್ದಾರೆ, ಆದರೆ ತಿಂಗಳಿಗೆ ನಾಲ್ಕು ಕೆಜಿಗೋಸ್ಕರ ರಿಟರ್ನ್ಸ್ ಹಾಕುತ್ತಾ ಕೂರೋಕೆ ಆಗಲ್ಲ. ಸದ್ಯಕ್ಕೆ ಅವರಿಗೆ ಇಲ್ಲ ಅಂತಲೇ ಹೇಳ್ತಿದ್ದೀನಿ.