ಪಾಪರ್ ಅರ್ಜಿ ಕೊನೆಗೂ ಪಾಸಾಯಿತು

"ಲೇಬರ್ ಮ್ಯಾಟರಿಗೆ ಕೋರ್ಟ್ ಫೀ ಎಲ್ಲಿಂದ ಬಂತು ಮಾರಾಯ?" ಎಂದು, ನಾನು ಪಾಪರ್ ಅರ್ಜಿ (ಕೋರ್ಟ್ ಫೀ ಕಟ್ಟಲಾಗದ ಬಡವ ಫೀ ಕಟ್ಟದೆ ದಾವೆ ಹೂಡಲು ಅನುಮತಿ ಕೇಳುವ ಅರ್ಜಿ) ಹಾಕಿದಾಗ ವಕೀಲರ ಬಾರ್ ರೂಮಿನಲ್ಲಿ ನಕ್ಕವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೇಬರ್ ಕೋರ್ಟಿನಲ್ಲಿ ಫೀ ಇಲ್ಲ, ನಿಜ. ಆದರೆ ನನ್ನ ಕಕ್ಷಿದಾರ ಸೂಪರ್‌ವೈಸರ್, ಸಂಬಳ 10,000 ದಾಟಿತ್ತು; ಅಂಥವರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 'ವರ್ಕ್‌ಮನ್' ಲೆಕ್ಕಕ್ಕೆ ಬರುತ್ತಿರಲಿಲ್ಲ. ವಜಾ ಆದಮೇಲೆ ಆ ಕಾಯ್ದೆಯ ಕಲಂ 2-ಎ ಅಡಿ ಲೇಬರ್ ಕೋರ್ಟಿಗೆ ಎರಡು ವರ್ಷ ಅಲೆದು, ಕೊನೆಗೆ 'ನೀನು ವರ್ಕ್‌ಮನ್ನೇ ಅಲ್ಲ' ಅನ್ನಿಸಿಕೊಂಡು ನನ್ನ ಹತ್ತಿರ ಬಂದ. ಉಳಿದಿದ್ದು ಸಿವಿಲ್ ದಾವೆ ಒಂದೇ. ಒಂಬತ್ತು ಲಕ್ಷದ ಕ್ಲೇಮಿಗೆ ಫೀ 50 ಸಾವಿರದ ಮೇಲಾಗುತ್ತಿತ್ತು. ಅವನಿಗೆ ಬಸ್ ಚಾರ್ಜಿಗೂ ತತ್ವಾರ. ಕಳೆದುಹೋದ ಎರಡು ವರ್ಷವನ್ನು ಲಿಮಿಟೇಷನ್ (ದಾವೆ ಹೂಡುವ ಗಡುವಿನ) ಕಾಯ್ದೆಯ ಕಲಂ 14 ನೋಡಿಕೊಂಡಿತು, ಅದು ಬಿಡಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33ರ ಅಡಿ ಮೊದಲ ಅರ್ಜಿ ಹಾಕಿದ್ದು ಅವಸರದಲ್ಲಿ. ಆಸ್ತಿ ಷೆಡ್ಯೂಲಿನಲ್ಲಿ 'ಏನೂ ಇಲ್ಲ' ಅಂತ ಬರೆದೆ. ಎದುರು ವಕೀಲರು ಪಹಣಿ ತೆಗೆದು ಮುಂದಿಟ್ಟರು: ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಇವನದ್ದೂ ಎಂಟು ಗುಂಟೆ! ಇವನಿಗೆ ಮರೆತೇಹೋಗಿತ್ತು. ತಿರಸ್ಕಾರದ ಆದೇಶ ಆಗುವ ಮೊದಲೇ ಅರ್ಜಿ ವಾಪಸ್ ತೆಗೆದುಕೊಂಡೆ. ಇಲ್ಲದಿದ್ದರೆ, ಒಮ್ಮೆ ತಿರಸ್ಕಾರವಾದರೆ ಮತ್ತೆ ಅಂಥದೇ ಅರ್ಜಿ ಹಾಕಲು ಬಿಡದ ನಿಯಮ 15 ಕುತ್ತಿಗೆಗೆ ಬರುತ್ತಿತ್ತು. ಟೈಪಿಂಗ್, ನಕಲು, ಪ್ರೊಸೆಸ್ ಫೀ ಅಂತ ನನ್ನ ಕೈಯಿಂದಲೇ ಮೂರು ಮೂರೂವರೆ ಸಾವಿರ ಹೋಗಿರಬೇಕು.

ಎರಡನೇ ಸಲ ಅವನ ಮನೆಗೇ ಹೋಗಿ ಕೂತೆ. ಕೆಟ್ಟ ಮಿಕ್ಸಿ, ಮಂಚ, ಅಡುಗೆ ಪಾತ್ರೆ, ಹಳೇ ಸ್ಕೂಟರ್, ಆ ಎಂಟು ಗುಂಟೆ, ಎಲ್ಲಾ ಸೇರಿ ನಲವತ್ತು ಚಿಲ್ಲರೆ ಐಟಂ. ಗುಮಾಸ್ತನೇ "ಇದೇನು ಸಾರ್, ಹರಾಜು ಪಟ್ಟಿಯಾ?" ಅಂದ. ಪಟ್ಟಿಯಲ್ಲಿ ಎಲ್ಲವನ್ನೂ ತೋರಿಸಿ, ಅದೇ ಸಂಹಿತೆಯ ಕಲಂ 60ರಲ್ಲಿ ಜಪ್ತಿಯಿಂದ ಹೊರಗಿರುವುದನ್ನೆಲ್ಲ ಕಳೆದು ಉಳಿದದ್ದೆಷ್ಟು ಅಂತ ಕೊನೆಗೆ ಬರೆದೆ.

ಕಂಪನಿಯವರ ದೊಡ್ಡ ಅಸ್ತ್ರ ಪಿಎಫ್. "ಎರಡು ಲಕ್ಷ ಇದೆ, ಬಡವ ಹೇಗೆ?" ಅಂದರು. ನಾನು ಮೊದಲ ದಿನವೇ "ಪಿಎಫ್ ಬಿಡಿಸಬೇಡ" ಅಂದಿದ್ದೆ. ಖಾತೆಯಲ್ಲಿರುವ ದುಡ್ಡಿಗೆ ಆಗಿನ ಪಿಎಫ್ ಕಾಯ್ದೆಯ ಕಲಂ 10ರಲ್ಲಿ ಜಪ್ತಿಯಿಂದ ರಕ್ಷಣೆ ಇತ್ತು. ಕೈಗೆ ಬಂದ ಮೇಲೆ ವಾದ ಶುರುವಾಗುತ್ತದೆ. ಈ ನಡುವೆ ಗ್ರಾಚ್ಯುಟಿಗೆ ಬೇರೆ ಅರ್ಜಿ ಹಾಕಿ ನೋಡಿದೆ. ಬಡ್ಡಿ ಸಮೇತ ಬರುವ ಲಕ್ಷಣ ಕಂಡಿತು, ತಕ್ಷಣ ಅದನ್ನೂ 'ಆದಾಯ' ಅಂತ ಹಿಡಿದುಕೊಂಡರು! ಗ್ರಾಚ್ಯುಟಿಗೂ ಜಪ್ತಿಯಿಂದ ರಕ್ಷಣೆ ಕೊಡುತ್ತಿದ್ದ ಆಗಿನ ಗ್ರಾಚ್ಯುಟಿ ಕಾಯ್ದೆಯ ಕಲಂ 13 ತೋರಿಸಿ ಬಾಯಿ ಮುಚ್ಚಿಸಬೇಕಾಯಿತು. ಎರಡನ್ನೂ ಒಟ್ಟಿಗೆ ನಡೆಸುವ ಸಾಹಸ ಮತ್ತೆ ಮಾಡಲಾರೆ.

ಪಾಟೀಸವಾಲಿನಲ್ಲಿ "ಕೈಯಲ್ಲಿರೋ ಫೋನ್ ಎಷ್ಟರದ್ದು?" ಅಂತ ಕೇಳಿದರು. ಇವನು "ಮಗಳು ಬಿಟ್ಟಿದ್ದು ಸ್ವಾಮಿ" ಅಂತ ಒಡೆದ ಗಾಜು ಎತ್ತಿ ತೋರಿಸಿದ. ಜಡ್ಜ್ ಸಾಹೇಬರು ಕನ್ನಡಕ ಸರಿಸಿ ನೋಡಿದರು. ಅಲ್ಲಿಗೆ ನನಗೆ ಧೈರ್ಯ ಬಂತು. ಸಾಕ್ಷಿಯನ್ನು ಕಟಕಟೆಗೆ ಹೇಗೆ ತಯಾರು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಳೆ ನೀವೇ ಎದುರು ನಿಲ್ಲಬಹುದು.

ಕಕ್ಷಿದಾರರಿಗೆ ಮೊದಲೇ ಹೇಳಿಬಿಡಿ, ಇದು ಮಾಫಿ ಅಲ್ಲ. ಗೆದ್ದರೆ ಸರ್ಕಾರ ಆ ಫೀಯನ್ನು ವಸೂಲಿ ಮಾಡುತ್ತದೆ, ದಾವೆಯಲ್ಲಿ ಗೆದ್ದದ್ದರ ಮೇಲೆ ಮೊದಲ ಹಕ್ಕೂ ಅದರದ್ದೇ. ಸೋತರೆ ಇವನೇ ಕಟ್ಟಬೇಕು. ನನ್ನವನು ಇದನ್ನು ಕೇಳಿ ಒಂದು ವಾರ ನಾಪತ್ತೆ.

ಎಂಟು ತಿಂಗಳು ಹಿಡಿಯಿತು. ಅರ್ಜಿ ಮಂಜೂರಾಗಿ ದಾವೆಗೆ ನಂಬರ್ ಬಿದ್ದ ಸಂಜೆಯೇ, ಅವತ್ತು ನಕ್ಕವರಲ್ಲಿ ಒಬ್ಬರು ಆ ಷೆಡ್ಯೂಲಿನ ನಕಲು ಕೇಳಿದರು. ಕೊಟ್ಟೆ, ಕೊನೆಯ ಹಾಳೆ ಬಿಟ್ಟು.