ತಮಟೆ ಕಾಯಿಸಿದ ಮೇಲೆ ಭಾಷಣ ಬೇಡ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸುತ್ತಲಿನ ಹಳ್ಳಿಗಳ ಕಲಾವಿದರನ್ನು ಸೇರಿಸಿ ಬಯಲಲ್ಲಿ ಒಂದು ಸಂಜೆಯ ಕಾರ್ಯಕ್ರಮ ಮಾಡುವುದಾದರೆ, ದಿನ ಗೊತ್ತುಮಾಡುವ ಮುಂಚೆ ಹೊಲ ನೋಡಿಕೊಳ್ಳಿ. ರಾಗಿ ಕೊಯ್ಲು, ಕಣದ ಕೆಲಸ ನಡೆಯುವಾಗ ಹತ್ತು ಜನ ಬರ್ತೀವಿ ಅಂದ ತಂಡದಲ್ಲಿ ಆರು ಜನ ಬರುತ್ತಾರೆ. ಯುಗಾದಿ ಕಳೆದ ಮೇಲೆ ಜಾತ್ರೆ, ಊರಹಬ್ಬಗಳಿಗೆ ಅವರು ಮೊದಲೇ ಮಾತು ಕೊಟ್ಟಿರುತ್ತಾರೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಶನಿವಾರಗಳು ನಮಗೆ ಹೊಂದಿವೆ. ಒಂದೇ ತೊಂದರೆ, ಆಗ ಮಂಜು ಬೀಳುತ್ತದೆ. ತಮಟೆಗೆ ಮಂಜು ಆಗಿಬರುವುದಿಲ್ಲ.

ತಮಟೆಯ ಮಾತು ಸ್ವಲ್ಪ ಉದ್ದ ಹೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಇಷ್ಟಾದರೂ ಬಹಳ ಕಡೆ ತಮಟೆಯವರ ಕೆಲಸ ಗಣ್ಯರನ್ನು ವೇದಿಕೆವರೆಗೆ ಕರೆತಂದು ಬಿಡುವುದಷ್ಟೇ. ನಾವು ಅವರಿಗೆ ಪೂರ್ತಿ 30 ನಿಮಿಷ ಇಡುತ್ತೇವೆ, ಅದೂ ನೆಲದ ಮೇಲೆ. ಹಲಗೆ ವೇದಿಕೆಯಲ್ಲಿ ಹೆಜ್ಜೆಯ ಸದ್ದೇ ಪೆಟ್ಟನ್ನು ನುಂಗುತ್ತದೆ. ಎಂಟು ಹತ್ತು ಜನಕ್ಕೆ 30 ಅಡಿ ಅಗಲದ ಸುತ್ತು ಬಿಟ್ಟು ಹಗ್ಗ ಕಟ್ಟಿ. ಮೈಕ್ ಬೇಡವೇ ಬೇಡ.

ತೇವ ಹೀರಿದ ಚರ್ಮ ಸಡಿಲವಾಗಿ ದಬದಬ ಅನ್ನುತ್ತದೆ. ಕಾಯಿಸಲು ಒಣಹುಲ್ಲು, ತೆಂಗಿನ ಗರಿ ಎರಡು ಹೊರೆ ತರಿಸಿಡಿ. ಸೌದೆಯ ಕೆಂಡದಲ್ಲಿ ಕಾವು ಒಂದೇ ಕಡೆ ಹೆಚ್ಚಿ ಚರ್ಮ ಸೀದರೆ, ಪೆಟ್ಟು ಬಿದ್ದಾಗ ಅಲ್ಲೇ ಹರಿಯುತ್ತದೆ. ಉರಿಯ ಮುಂದೆ ತಮಟೆಯನ್ನು ತಿರುಗಿಸುತ್ತಾ ಕಾಯಿಸಿ, ನಡುನಡುವೆ ಬೆರಳಿಂದ ತಟ್ಟಿ ನೋಡುತ್ತಾರೆ. ಠಣ್ ಅಂದರೆ ಮುಗಿಯಿತು, ಅಲ್ಲಿಂದ ಆಚೆಗೆ ಪ್ರತಿ ನಿಮಿಷವೂ ನಷ್ಟವೇ. ಒಮ್ಮೆ ಕಾಯಿಸಿ ನಿಂತ ಮೇಲೆ ಉದ್ಘಾಟನಾ ಭಾಷಣ ಮುಕ್ಕಾಲು ಗಂಟೆ ಎಳೆಯಿತು. ಚರ್ಮ ತಣ್ಣಗಾಗಿ, ಇದ್ದ ಹುಲ್ಲೂ ಮುಗಿದು, ಆ ಸಂಜೆಯ ತಮಟೆ ಕೆಟ್ಟಿತು. ಈಗ ತಮಟೆಯೇ ಉದ್ಘಾಟನೆ. ಬೆಂಕಿಯ ಜಾಗ ಶಾಮಿಯಾನದಿಂದ 40 ಅಡಿ ದೂರ, ಗಾಳಿ ಶಾಮಿಯಾನದ ಕಡೆ ಬೀಸದ ಮಗ್ಗುಲಲ್ಲಿರಲಿ. ಪಕ್ಕದಲ್ಲಿ ಒಂದು ಡ್ರಮ್ ನೀರು.

ಅದೇ ಸುತ್ತಿನಲ್ಲಿ ತಮಟೆಯ ಹಿಂದೆಯೇ ಕೀಲುಕುದುರೆ (ಸೊಂಟಕ್ಕೆ ಕುದುರೆ ಗೊಂಬೆ ಕಟ್ಟಿಕೊಂಡು ಕುಣಿಯುವುದು) ಬಿಡಬಹುದು. ಮರಗಾಲು ಕಟ್ಟುವವರಿದ್ದರೆ ಮಧ್ಯಾಹ್ನವೇ ಜಲ್ಲಿ ಗುಡಿಸಿಸಿ, ತಲೆಯ ಮೇಲೆ ಹಾದ ಸೀರಿಯಲ್ ಲೈಟ್ ವೈರು, ಬಂಟಿಂಗ್ ದಾರ ಎತ್ತರಕ್ಕೆ ಕಟ್ಟಿಸಿ.

ವೇದಿಕೆ ಮೇಲೆ ಕೋಲಾಟ, ಸೋಬಾನೆ ಆದಮೇಲೆ ಕೊನೆಗೆ ಸಂತಕವಿ ಕೈವಾರ ತಾತಯ್ಯನವರ ಕೀರ್ತನೆ. ತೆಲುಗು, ಕನ್ನಡ ಎರಡರಲ್ಲೂ ಇರುವ ಆ ಪದಗಳಿಗೆ ನಮ್ಮ ಗಡಿಸೀಮೆಯ ಜನ ಅಲುಗದೆ ಕೂರುತ್ತಾರೆ, ಮಾತು ಕಿವಿಗೆ ಬಿದ್ದರೆ. ಬೀಳದಂತೆ ಮಾಡುವುದು ಸೌಂಡಿನವರ ಎಕೋ. ಪೂರ್ತಿ ತೆಗೆಸಿ. ನಾಲ್ಕು ಮೈಕ್ ಸಾಕು: ಮುಖ್ಯ ಹಾಡುಗಾರರಿಗೆ ಒಂದು, ಹಾರ್ಮೋನಿಯಂಗೆ ಒಂದಡಿ ದೂರದಲ್ಲಿ ಒಂದು, ತಬಲಕ್ಕೊಂದು, ಹಿಮ್ಮೇಳದ ನಡುವೆ ಒಂದು. ತಾಳದವರನ್ನು ಎರಡೂ ತುದಿಗೆ ಕೂರಿಸಿ. ಮೈಕಿನ ಹತ್ತಿರ ತಾಳ ಬಂದರೆ ಬೇರೇನೂ ಕೇಳಿಸದು. ತಂಡದವರು ಅರ್ಧಚಂದ್ರಾಕಾರವಾಗಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಲಿ. ಫೋಟೋಗೆಂದು ಒಂದೇ ಸಾಲು ಮಾಡಿಸಿದರೆ ಲಯ ತಪ್ಪುತ್ತದೆ.

2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆರಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮಂಗಳ ಹಾಡಿಸಿ. ಮೈದಾನಕ್ಕೆ ನಗರಸಭೆ, ಮೈಕಿಗೆ ಪೊಲೀಸ್ ಠಾಣೆ, ತಾತ್ಕಾಲಿಕ ಕರೆಂಟಿಗೆ ಬೆಸ್ಕಾಂ: ಮೂರು ಕಡೆಗೂ ಅರ್ಜಿ 15 ದಿನ ಮುಂಚೆ ಹೋಗಿರಲಿ, ಸ್ವೀಕೃತಿಯ ನಕಲು ಜೇಬಿನಲ್ಲಿರಲಿ.

ಅಷ್ಟು ಹೊತ್ತಿಗೆ ಹಳ್ಳಿ ಬಸ್ಸು ಇರುವುದಿಲ್ಲ; ಕಲಾವಿದರನ್ನು ವಾಪಸ್ ಬಿಡಲು ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ. ಬರುವವರಲ್ಲಿ ಹೆಚ್ಚಿನವರು ಆ ದಿನದ ಕೂಲಿ ಬಿಟ್ಟು ಬರುತ್ತಾರೆ. ಸಂಭಾವನೆಯನ್ನು ಒಬ್ಬೊಬ್ಬರ ಹೆಸರಿನ ಲಕೋಟೆಯಲ್ಲಿ ಊಟಕ್ಕೆ ಮುಂಚೆ ಕೊಟ್ಟು ಸಹಿ ಹಾಕಿಸಿಕೊಳ್ಳಿ, ಅನುದಾನದ ಲೆಕ್ಕಕ್ಕೂ ಆ ಹಾಳೆ ಬೇಕಾಗುತ್ತದೆ. ಮುಖಂಡರೊಬ್ಬರ ಕೈಗೆ ಮೊತ್ತ ಕೊಟ್ಟರೆ ಜಗಳ ದಾರಿಯಲ್ಲೇ ಶುರು. ಶಾಲು, ಪೇಟ, ಹಣ್ಣಿನ ಬುಟ್ಟಿಯ ದುಡ್ಡನ್ನೂ ನಾವು ಲಕೋಟೆಗೇ ಸೇರಿಸುತ್ತೇವೆ. ಆಹ್ವಾನ ಪತ್ರಿಕೆಯಲ್ಲಿ ‘ಮತ್ತು ತಂಡ’ ಅಂತ ಮುಗಿಸದೆ ಹತ್ತು ಜನರ ಹೆಸರೂ ಊರೂ ಅಚ್ಚು ಹಾಕಿಸಿ, ಎರಡೆರಡು ಪ್ರತಿ ಅವರ ಕೈಗೆ ಕೊಡಿ.